ಜಾರಿ ಬಿದ್ದು ತಲೆಗೆ ಪೆಟ್ಟಾದ ಅಮ್ಮನಿಗೆ ಉಚಿತ ವಕೀಲರು: ಸೇವೆ ಹೇಗಿತ್ತು?

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೊಡುವ ಉಚಿತ ವಕೀಲರ ಸೇವೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಯಾಕೆ ಕಮ್ಮಿ ಅಂತ ಕೊನೆಯಲ್ಲಿ ಬರೆದಿದ್ದೇನೆ. ದುಡ್ಡಿಲ್ಲದವರಿಗೆ ಮಾತ್ರ ಇರುವ ಸೇವೆ ಇದು, ಉಚಿತ ಅಂದಮೇಲೆ ಕೆಲಸ ಅಷ್ಟಕ್ಕಷ್ಟೇ ಇರುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಎರಡೂ ಸರಿಯಲ್ಲ. ಹೋಟೆಲ್, ಸೂಪರ್ ಮಾರ್ಕೆಟ್, ಮದುವೆ ಛತ್ರ, ಆಸ್ಪತ್ರೆಯ ಕಾರಿಡಾರ್, ಇಂಥ ಕಡೆ ಒದ್ದೆ ನೆಲದಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ತಿಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ "ಗ್ರಹಚಾರ, ಕಾಲು ಜಾರಿತು" ಅಂತ ಸುಮ್ಮನಾಗುವವರೇ ಜಾಸ್ತಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಕಥೆ ಇಷ್ಟು. ಒಂದು ಸೆಲ್ಫ್ ಸರ್ವಿಸ್ ಹೋಟೆಲಿನಲ್ಲಿ ಅಮ್ಮ, ನಾನು ತಿಂಡಿ ತಿಂದೆವು. ಯಾವ ಹೋಟೆಲ್ ಅಂತ ಇಲ್ಲಿ ಬೇಡ. ಕೈ ತೊಳೆಯುವ ಬೇಸಿನ್ ಮುಂದೆ ನುಣುಪಾದ ಗ್ರಾನೈಟ್ ನೆಲ. ಜನ ಕೈ ಒದರಿ ಒದರಿ ಅಲ್ಲಿ ಸದಾ ನೀರು. ಅದರ ಮೇಲೆ ಹುಡುಗನೊಬ್ಬ ಸೋಪಿನ ನೀರು ಹಾಕಿ ಒರೆಸುತ್ತಿದ್ದ. ಎಚ್ಚರಿಕೆಯ ಹಳದಿ ಬೋರ್ಡ್ ಇರಲಿಲ್ಲ, ರಬ್ಬರ್ ಮ್ಯಾಟ್ ಇರಲಿಲ್ಲ, ಹಿಡಿದುಕೊಳ್ಳಲು ಒಂದು ಸರಳೂ ಇರಲಿಲ್ಲ. ಅಮ್ಮ ಕೈ ತೊಳೆದು ತಿರುಗಿದರು, ಎರಡೂ ಕಾಲು ಮುಂದಕ್ಕೆ ಹೋಯಿತು, ಹಿಂದಲೆ ನೇರ ನೆಲಕ್ಕೆ ಬಡಿಯಿತು. ರಕ್ತ ಬರಲಿಲ್ಲ. ಕ್ಯಾಶ್ ಕೌಂಟರಿನಲ್ಲಿದ್ದವರು ಓಡಿ ಬಂದು ನೀರು ಕುಡಿಸಿ "ಏನೂ ಆಗಿಲ್ಲ ಬಿಡಿ ಅಕ್ಕಾ, ಸ್ವಲ್ಪ ಹೊತ್ತು ಕೂತ್ಕೊಳ್ಳಲಿ" ಅಂದರು. ಅಮ್ಮನಿಗೆ ಸ್ಟೆಂಟ್ ಹಾಕಿದ ಮೇಲೆ ಕ್ಲೋಪಿಡೋಗ್ರೆಲ್ ಮಾತ್ರೆ ನಡೆಯುತ್ತಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಗಾಯ ಇರಲಿ ಬಿಡಲಿ, ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ರಕ್ತಸ್ರಾವ ಆಗುವ ಅಪಾಯ ಇವರಿಗೆ ಜಾಸ್ತಿ. ಹಾಗಾಗಿ ಸೀದಾ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸಿಟಿ ಸ್ಕ್ಯಾನ್ ಮಾಡಿದರು. ಹಿಂದಲೆಗೆ ಪೆಟ್ಟು ಬಿದ್ದಿದ್ದರೂ ಮಿದುಳು ಜಜ್ಜಿದ್ದು ಮುಂದಿನ ಭಾಗದಲ್ಲಿ. ಹಿಮ್ಮುಖವಾಗಿ ಬಿದ್ದಾಗ ಹೀಗಾಗುವುದು ಮಾಮೂಲು ಅಂತ ಡಾಕ್ಟರ್ ಹೇಳಿದರು. ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ಅಲುಗಾಡಿ ಹಣೆಯ ಕಡೆಯ ಒರಟು ಮೂಳೆಗೆ ಉಜ್ಜಿಕೊಳ್ಳುತ್ತದಂತೆ. ಪ್ರಜ್ಞೆಯ ಸ್ಕೋರ್ 15ಕ್ಕೆ 14 ಅಂತ ಬರೆದುಕೊಂಡರು. ಈ ಲೆಕ್ಕದಲ್ಲಿ 13ರಿಂದ 15 ಅಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕೆಳಗೆ ಗಂಭೀರ. "ಸೌಮ್ಯ" ಅಂದ ತಕ್ಷಣ ನಿರಾಳ ಆಗಿಬಿಡುತ್ತೇವೆ. ಆದರೆ ಆ ಸ್ಕೋರ್ ಹೇಳುವುದು ಆ ಹೊತ್ತಿನ ಪ್ರಜ್ಞೆಯ ಸ್ಥಿತಿಯನ್ನು ಮಾತ್ರ. ಮುಂದೆ ಮನುಷ್ಯ ಹೇಗಿರುತ್ತಾರೆ ಅನ್ನುವುದನ್ನಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರ್ "ಎಲ್ಲಿ ಬಿದ್ದಿದ್ದು?" ಅಂತ ಕೇಳಿದಾಗ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಗಾಯದ ಪ್ರಕರಣದ ದಾಖಲೆ, ಮಾಡಿಕೊಂಡರು. ಹೋಟೆಲಿನ ಹೆಸರು, ಸಮಯ, ಒದ್ದೆ ನೆಲದಲ್ಲಿ ಜಾರಿ ಬಿದ್ದದ್ದು, ಎಲ್ಲ ಅದರಲ್ಲಿ ಬಂತು. ಪೊಲೀಸು ಕೇಸಿನ ರಗಳೆ ಯಾಕೆ ಅಂತ ಎಷ್ಟೋ ಜನ "ಮನೇಲಿ ಬಿದ್ರು" ಅಂತ ಬರೆಸಿಬಿಡುತ್ತಾರೆ. ಹೋಟೆಲ್, ಮಾಲಿನವರು ಜೊತೆಗೆ ಬಂದಿದ್ದರೆ ಅವರೇ ಹಾಗೆ ಬರೆಸಿ ಅಂತ ಕಿವಿಯಲ್ಲಿ ಹೇಳುವುದೂ ಉಂಟು. ದಯವಿಟ್ಟು ಹಾಗೆ ಮಾಡಬೇಡಿ. ಆಸ್ಪತ್ರೆಯ ಮೊದಲ ಹಾಳೆಯಲ್ಲಿ ಮನೆಯಲ್ಲಿ ಬಿದ್ದರು ಅಂತಿದ್ದರೆ ಮುಂದೆ ಎಂಥಾ ವಕೀಲರು ಬಂದರೂ ಅದನ್ನು ಅಳಿಸುವುದು ಕಷ್ಟ.

ಡಿಸ್ಚಾರ್ಜ್ ಆಗಿ ಮನೆಗೆ ಬಂದರು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ, ಕೆಲವು ವಾರ ಕಳೆದ ಮೇಲೆ, ಅಮ್ಮನಿಗೆ ದಿನಾ ತಲೆನೋವು ಶುರುವಾಯಿತು. ಎಡಗಾಲು ಎಳೆದು ಹಾಕುತ್ತಿದ್ದರು. ಚಪ್ಪಲಿ ಕಳಚಿಹೋದರೂ ಗೊತ್ತಾಗುತ್ತಿರಲಿಲ್ಲ. ನಿಮ್ಹಾನ್ಸಿಗೆ ಕರೆದುಕೊಂಡು ಹೋದೆವು. ಮತ್ತೆ ಸ್ಕ್ಯಾನ್ ಮಾಡಿದಾಗ ಮಿದುಳಿನ ಹೊರಪದರದ ಕೆಳಗೆ ಹಳೆಯ ರಕ್ತ ನಿಂತಿತ್ತು. ಕ್ರಾನಿಕ್ ಸಬ್‌ಡ್ಯೂರಲ್ ಅಂತಾರೆ ಇದಕ್ಕೆ. ವಯಸ್ಸಾದವರಲ್ಲಿ ಮಿದುಳು ಸ್ವಲ್ಪ ಕುಗ್ಗಿರುತ್ತದೆ, ಸಣ್ಣ ರಕ್ತನಾಳಗಳು ಬಿಗಿದಿರುತ್ತವೆ, ಪೆಟ್ಟಿಗೆ ಅವು ಹರಿದು ಮೆಲ್ಲಮೆಲ್ಲಗೆ ಜಿನುಗಿ ವಾರಗಟ್ಟಲೆ ಆದಮೇಲೆ ಒತ್ತಡ ತೋರಿಸುತ್ತದೆ. ತಲೆಬುರುಡೆಗೆ ಸಣ್ಣ ತೂತು ಕೊರೆದು ರಕ್ತ ಹೊರತೆಗೆದರು. ಅಲ್ಲಿನ ತುರ್ತು ವಿಭಾಗದವರಿಗೆ, ವಾರ್ಡಿನ ನರ್ಸ್‌ಗಳಿಗೆ ನಾನು ಎಷ್ಟು ಋಣಿ ಅಂತ ಇಲ್ಲಿ ಹೇಳಿ ಮುಗಿಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಒಂದು ಪಕ್ಕದ ಕೈಕಾಲಲ್ಲಿ ಶಕ್ತಿ ಕಮ್ಮಿ, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ಆಪರೇಷನ್ ಆದಮೇಲೆ ಕಾಲು ಸರಿಯಾಯಿತು. ಆದರೆ ಅಮ್ಮ ಪೂರ್ತಿ ಮೊದಲಿನ ಅಮ್ಮ ಆಗಲಿಲ್ಲ. ಒಂದು ಬೆಳಿಗ್ಗೆ ಒಗ್ಗರಣೆಗೆ ಇಟ್ಟ ಎಣ್ಣೆ ಸೀದು ಅಡುಗೆಮನೆ ತುಂಬ ಹೊಗೆ. ಅಮ್ಮ ಒಲೆಯ ಮುಂದೇ ನಿಂತು ಈರುಳ್ಳಿ ಹೆಚ್ಚುತ್ತಿದ್ದಾರೆ! ವಾಸನೆಯೇ ಗೊತ್ತಾಗುತ್ತಿರಲಿಲ್ಲ. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. "ಏನೇ ಇದು, ಹಿಟ್ಟಾ?" ಅಂದರು. ಮೂಗಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ತುಂಬ ಸೂಕ್ಷ್ಮ. ತಲೆ ಜೋರಾಗಿ ಅಲುಗಿದಾಗ ಅವು ಹರಿದುಹೋಗಬಹುದು. ಅದರ ಜೊತೆಗೆ ಸಿಟ್ಟು. ಯಾರಿಗೂ ಏರು ದನಿಯಲ್ಲಿ ಮಾತಾಡದ ಹೆಂಗಸು ಹಾಲಿನವನ ಮೇಲೆ, ಮೊಮ್ಮಕ್ಕಳ ಮೇಲೆ ಕೂಗಾಡತೊಡಗಿದರು. ಚೀಟಿ ಲೆಕ್ಕ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದವರು ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಒದ್ದಾಡುತ್ತಾರೆ. ನೋಡಿದವರೆಲ್ಲ "ಚೆನ್ನಾಗೇ ಇದಾರಲ್ಲ" ಅಂತಾರೆ. ಕೈಗೆ ಪ್ಲಾಸ್ಟರ್ ಇದ್ದರೆ ಜನರಿಗೆ ಕಾಣುತ್ತದೆ, ಇದು ಯಾರಿಗೆ ಕಾಣಬೇಕು?

ಈ ಹೊತ್ತಿನಲ್ಲಿ ವಕೀಲರನ್ನು ಹುಡುಕಲು ಶುರುಮಾಡಿದೆ. ಜಾರಿ ಬಿದ್ದು ಮಿದುಳಿಗೆ ಪೆಟ್ಟಾದರೆ ಕಾನೂನು ನೆರವು ಅಂತ ನೆಟ್ಟಿನಲ್ಲಿ ಹುಡುಕಿದರೆ ಬರುವುದೆಲ್ಲ ಅಮೆರಿಕದ ಲಾಯರ್ ಕಂಪನಿಗಳ ಪುಟಗಳು. ಗೆದ್ದರೆ ಮಾತ್ರ ಫೀಸು, ಬಂದ ಪರಿಹಾರದಲ್ಲಿ ಮೂರನೇ ಒಂದು ಭಾಗ ನಮಗೆ, ಹೀಗೆ. ಅಲ್ಲಿ ಅದು ನಡೆಯುತ್ತದೆ. ನಮ್ಮ ದೇಶದಲ್ಲಿ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ, ಗೆದ್ದರೆ ಇಷ್ಟು ಅಂತ ಫೀಸು ಗೊತ್ತುಮಾಡುವಂತಿಲ್ಲ, ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತೆಯೂ ಇಲ್ಲ. ಇದು ಗೊತ್ತಿದ್ದುದರಿಂದ ಒಂದು ಖಾಸಗಿ ಆಫೀಸಿನಲ್ಲಿ ನಾನು ಬಚಾವಾದೆ. ಅಲ್ಲಿದ್ದವರು ಅಮ್ಮನ ಒಂದು ರಿಪೋರ್ಟೂ ತೆರೆದು ನೋಡದೆ "ಒಂದು ಕೋಟಿ ಕೇಳೋಣ ಮೇಡಂ, ಅಡ್ವಾನ್ಸ್ ಕೊಡಿ, ಬಂದಿದ್ರಲ್ಲಿ ಪರ್ಸೆಂಟೇಜ್ ನೋಡ್ಕೊಳ್ಳೋಣ" ಅಂದರು. ಎದ್ದು ಬಂದೆ.

ಪಕ್ಕದ ಮನೆಯ ನಿವೃತ್ತ ಕೋರ್ಟ್ ಗುಮಾಸ್ತರು ಉಚಿತ ಕಾನೂನು ನೆರವಿನ ಬಗ್ಗೆ ಹೇಳಿದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಯಾರಿಗೆ ಉಚಿತ ನೆರವು ಅಂತ ಇದೆ. ಹೆಂಗಸರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೂ ಹಾಗೇ. ಉಳಿದವರಿಗೆ ಸರ್ಕಾರ ನಿಗದಿ ಮಾಡಿದ ಆದಾಯದ ಮಿತಿ ಇದೆ. ಅಂದರೆ ಒಬ್ಬ ಗೃಹಿಣಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯಬೇಕಾಗಿಲ್ಲ. ಇದು ಎಷ್ಟು ಮನೆಗಳಿಗೆ ಗೊತ್ತು ಹೇಳಿ?

ಕಚೇರಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಇತ್ತು. ಹೊರಗೆ ಹೊಂಗೆ ಮರದ ಕೆಳಗೆ ಟೈಪಿಸ್ಟುಗಳು, ನೋಟರಿ, ಜೆರಾಕ್ಸ್ ಅಂಗಡಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದುಕೊಟ್ಟೆವು, ಆಧಾರ್ ಪ್ರತಿ ಇಟ್ಟೆವು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನವರೇ ಬರೆದುಕೊಳ್ಳುತ್ತಾರೆ. ಪ್ರಾಧಿಕಾರದ ಪ್ಯಾನೆಲ್ಲಿನಿಂದ, ಅಂದರೆ ಅವರ ವಕೀಲರ ಪಟ್ಟಿಯಿಂದ, ಒಬ್ಬ ಮಹಿಳಾ ವಕೀಲರನ್ನು ಕೊಟ್ಟರು. ಅವರು ಕೇಳಿದ ಮೊದಲ ಪ್ರಶ್ನೆಯೇ ನನ್ನ ಮನಸ್ಸು ಗೆದ್ದಿತು. ಎಷ್ಟು ದುಡ್ಡು ಬೇಕು ಅಂತ ಕೇಳಲಿಲ್ಲ. ಅಮ್ಮನ ಕಡೆ ತಿರುಗಿ "ಅಮ್ಮಾ, ಬೀಳೋಕೆ ಮುಂಚೆ ಬೆಳಿಗ್ಗೆ ಎದ್ದು ಏನೇನ್ ಮಾಡ್ತಿದ್ರಿ? ಈಗ ಏನೇನ್ ಮಾಡೋಕೆ ಆಗ್ತಿಲ್ಲ?" ಅಂದರು. ಅಮ್ಮ ಹೇಳುತ್ತಾ ಹೋದರು, ನಡುನಡುವೆ ಮರೆತರು, ಹೇಳಿದ್ದನ್ನೇ ಮತ್ತೆ ಹೇಳಿದರು. ವಕೀಲರು ಅವಸರ ಮಾಡಲಿಲ್ಲ. ಮರೆತು ನಿಂತ ಜಾಗವನ್ನೂ ಬರೆದುಕೊಂಡರು. ಮನೆಗೆ ಹೋಗಿ ಒಂದು ನೋಟ್‌ಬುಕ್ ಇಡಿ, ಗ್ಯಾಸ್ ಆರಿಸದೆ ಬಿಟ್ಟದ್ದು, ದಾರಿ ತಪ್ಪಿದ್ದು, ರಾತ್ರಿ ನಿದ್ದೆ ಬರದೆ ಓಡಾಡಿದ್ದು, ಎಲ್ಲ ತಾರೀಖು ಹಾಕಿ ಬರೆಯಿರಿ ಅಂತ ಹೇಳಿದರು. ಆ ನೋಟ್‌ಬುಕ್ ಆಮೇಲೆ ನಮ್ಮ ಕಡತದ ಅತಿ ಬಲವಾದ ಭಾಗ ಆಯಿತು.

ಕಾಗದಗಳ ವಿಷಯದಲ್ಲಿ ಅವರು ತುಂಬ ಕಟ್ಟುನಿಟ್ಟು. ಎಂಎಲ್‌ಸಿ ಪ್ರತಿ, ಗಾಯದ ಪ್ರಮಾಣಪತ್ರ, ಎರಡೂ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿನ ರಿಪೋರ್ಟ್ ಮಾತ್ರ ಅಲ್ಲ ಫಿಲ್ಮೂ ಬೇಕು, ಔಷಧಿ ಅಂಗಡಿಯ ಚೀಟಿಗಳು, ಆಂಬುಲೆನ್ಸ್ ರಸೀದಿ. ಬಿದ್ದ ದಿನ ನನ್ನ ತಮ್ಮ ಹೋಟೆಲಿಗೆ ವಾಪಸ್ ಹೋಗಿ ಆ ನೆಲದ ವಿಡಿಯೊ ತೆಗೆದಿದ್ದ. ಇಂಥ ಡಿಜಿಟಲ್ ದಾಖಲೆ ಸಾಕ್ಷ್ಯವಾಗಿ ನಿಲ್ಲಲು ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರದ ಪ್ರಮಾಣಪತ್ರ ಮಾಡಿಸಿ ಲಗತ್ತಿಸಿದರು. ಸಿಸಿಟಿವಿ ಬಗ್ಗೆ ಹೋಟೆಲಿಗೆ ಲಿಖಿತ ನೋಟಿಸ್ ಹೋಯಿತು. ಸಿಸಿಟಿವಿ ರೆಕಾರ್ಡಿಂಗ್ ಜಾಗ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಹಾಗಾಗಿ ಅಳಿಸದೆ ತೆಗೆದಿಡಿ ಅಂತ ಎಷ್ಟು ಬೇಗ ಬರೆದು ಕೊಡುತ್ತೀರೋ ಅಷ್ಟು ಒಳ್ಳೆಯದು, ವಕೀಲರು ಸಿಗುವವರೆಗೂ ಕಾಯಬೇಕಿಲ್ಲ, ನೀವೇ ಒಂದು ಸ್ಪೀಡ್ ಪೋಸ್ಟ್ ಹಾಕಬಹುದು.

ಇನ್ನು ಎಲ್ಲಿ ಹೋಗುವುದು ಅನ್ನುವ ಪ್ರಶ್ನೆ. ಸಿವಿಲ್ ಕೋರ್ಟಿನಲ್ಲಿ ನಷ್ಟ ಪರಿಹಾರದ ದಾವೆ ಹಾಕಬಹುದು, ಅಲ್ಲಿ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ. ನಮ್ಮ ವಕೀಲರು ಆರಿಸಿದ್ದು ಜಿಲ್ಲಾ ಗ್ರಾಹಕರ ಆಯೋಗ. ಹೋಟೆಲಿನವರು ದುಡ್ಡು ತೆಗೆದುಕೊಂಡು ತಿಂಡಿ ಕೊಟ್ಟರು ಅಂದಮೇಲೆ ಗ್ರಾಹಕ ಸುರಕ್ಷಿತವಾಗಿ ಕೈ ತೊಳೆದು ಹೊರಗೆ ಬರುವ ಹಾಗೆ ಜಾಗ ಇಡುವುದೂ ಆ ಸೇವೆಯ ಭಾಗ, ಇಡದಿದ್ದರೆ ಸೇವಾ ನ್ಯೂನತೆ. ಇಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಒಂದಿದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಶುಲ್ಕ ಮತ್ತು ಯಾವ ಆಯೋಗ ಅನ್ನುವುದು ನಾವು ಕೇಳುವ ಪರಿಹಾರದ ಮೇಲೆ ನಿಲ್ಲುವುದಿಲ್ಲ, ನಾವು ಸೇವೆಗೆ ಕೊಟ್ಟ ಬೆಲೆಯ ಮೇಲೆ ನಿಲ್ಲುತ್ತದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ನಾವು ಕೊಟ್ಟಿದ್ದು ಎರಡು ಮಸಾಲೆ ದೋಸೆ, ಎರಡು ಕಾಫಿಯ ಬೆಲೆ! ಹಾಗಾಗಿ ಲಕ್ಷಗಟ್ಟಲೆ ಪರಿಹಾರ ಕೇಳಿದರೂ ಶುಲ್ಕ ಸೊನ್ನೆ. ಬಿಲ್ಲು ಬಿಸಾಡಿದ್ದೆವು, ಆದರೆ ಯುಪಿಐನಲ್ಲಿ ಕೊಟ್ಟಿದ್ದರಿಂದ ಫೋನಿನಲ್ಲಿ ದಾಖಲೆ ಇತ್ತು. ದುಡ್ಡು ಕೊಟ್ಟಿದ್ದು ನಾನು, ಬಿದ್ದದ್ದು ಅಮ್ಮ. ಅದಕ್ಕೂ ತೊಂದರೆಯಿಲ್ಲ, ದುಡ್ಡು ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಕಾಯ್ದೆಯಲ್ಲಿ ಗ್ರಾಹಕರೇ. ದೂರನ್ನು ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ಗಡುವು ಎರಡು ವರ್ಷ.

ಎದುರಿನವರ ವಾದ ನಿರೀಕ್ಷೆ ಮಾಡಿದ್ದೇ. ಸಣ್ಣ ಪೆಟ್ಟು, ಸ್ಕೋರ್ 14 ಇತ್ತು, ವಾರಗಳಾದ ಮೇಲಿನ ಆಪರೇಷನ್‌ಗೂ ನಮ್ಮ ನೆಲಕ್ಕೂ ಸಂಬಂಧವಿಲ್ಲ, ಮರೆವು ಸಿಟ್ಟು ಎಲ್ಲ ವಯಸ್ಸಿನಿಂದ. ಇಲ್ಲಿ ವೈದ್ಯರ ಮಾತೇ ಮುಖ್ಯ. ನಿಮ್ಹಾನ್ಸಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹಿಂದಿನ ಬೀಳುವಿಕೆಯ ಉಲ್ಲೇಖ ಸ್ಪಷ್ಟವಾಗಿ ಇತ್ತು. ಜೊತೆಗೆ ನೆನಪು, ಗಮನ, ಯೋಚನೆಯ ವೇಗ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಯ ವರದಿ ಸಿಕ್ಕಿತು. ಇದಕ್ಕಾಗಿ ನಿಮ್ಹಾನ್ಸಿನವರೇ ನಮ್ಮ ಜನರಿಗೆ ಹೊಂದುವಂತೆ 2004ರಲ್ಲಿ ಒಂದು ಪರೀಕ್ಷಾ ಸರಣಿ ರೂಪಿಸಿದ್ದಾರೆ. ವಯಸ್ಸು ಮತ್ತು ಓದಿಗೆ ತಕ್ಕ ಮಟ್ಟದ ಜೊತೆ ಹೋಲಿಸಿ ಅಂಕ ಕೊಡುವುದರಿಂದ "ಎಲ್ಲ ವಯಸ್ಸಿನಿಂದ" ಅನ್ನುವ ಮಾತಿಗೆ ಅದೇ ಉತ್ತರ. ಸ್ಕ್ಯಾನಿನಲ್ಲಿ ಕಾಣದ್ದು ಈ ಪರೀಕ್ಷೆಯಲ್ಲಿ ಕಾಣುತ್ತದೆ. ಮಿದುಳಿಗೆ ಪೆಟ್ಟಾದವರ ಕೇಸು ನಡೆಸುವ ಯಾರೇ ಆಗಲಿ ಈ ವರದಿ ಇಲ್ಲದೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

"ಅವರೇನು ಕೆಲಸಕ್ಕೆ ಹೋಗ್ತಿದ್ರಾ, ಆದಾಯ ಏನು ನಷ್ಟ ಆಯ್ತು?" ಅನ್ನುವ ಮಾತೂ ಬಂತು. ಇದು ಕೇಳಿ ನನಗೆ ಮೈ ಉರಿದುಹೋಯಿತು. ಅಪ್ಪನ ಊಟ, ಮಾತ್ರೆ, ನನ್ನ ಮಕ್ಕಳು ಸ್ಕೂಲಿನಿಂದ ಬಂದರೆ ನೋಡಿಕೊಳ್ಳುವುದು, ಹಪ್ಪಳ ಸಂಡಿಗೆ, ಮನೆಯ ಲೆಕ್ಕ, ಎಲ್ಲ ಅಮ್ಮನ ಕೈಯಲ್ಲಿತ್ತು. ಈಗ ಆ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟಿದ್ದೇವೆ. ವಕೀಲರು ಇದಕ್ಕೆ ಸುಪ್ರೀಂ ಕೋರ್ಟ್ ತೀರ್ಪುಗಳನ್ನೇ ಇಟ್ಟರು. ಜಮ್‌ಷೆಡ್‌ಪುರದ 1989ರ ಬೆಂಕಿ ಅನಾಹುತದ ಲತಾ ವಾಧ್ವಾ ಪ್ರಕರಣದಲ್ಲಿ, 2001ರಲ್ಲೇ, ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿದ್ದರು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಮನೆಗೆಲಸಕ್ಕೆ ಆರ್ಥಿಕ ಬೆಲೆ ಇದೆ ಅನ್ನುವುದನ್ನು ಮತ್ತೆ ಬಿಡಿಸಿ ಹೇಳಿದರು. ಅವು ಸಾವಿನ ಪ್ರಕರಣಗಳು ನಿಜ, ಆದರೆ ಆ ತರ್ಕ ಇಲ್ಲಿಗೂ ಹೊಂದುತ್ತದೆ.

ಕೊನೆಗೆ ಆಯೋಗದ ಮೂಲಕವೇ ಮಧ್ಯಸ್ಥಿಕೆಗೆ ಹೋಯಿತು. 2019ರ ಕಾಯ್ದೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ, ಎರಡೂ ಕಡೆಯವರು ಒಪ್ಪಬೇಕು ಅಷ್ಟೆ. ರಾಜಿಯಾಯಿತು. ಆಸ್ಪತ್ರೆ ಖರ್ಚು, ಆಳಿನ ಸಂಬಳ, ಮುಂದಿನ ಚಿಕಿತ್ಸೆಗೆ ಒಂದಷ್ಟು ಬಂತು. ಮೊತ್ತ ಹೇಳುವುದಿಲ್ಲ, ರಾಜಿಯ ಷರತ್ತು. ನಾವು ಕೇಳಿದಷ್ಟು ಬರಲಿಲ್ಲ, ಆದರೆ ವಕೀಲರು ಮೊದಲ ದಿನ ಇಷ್ಟರ ಆಸುಪಾಸು ನಿರೀಕ್ಷೆ ಇಟ್ಟುಕೊಳ್ಳಿ ಅಂತ ಹೇಳಿದ್ದಕ್ಕೆ ಹತ್ತಿರವೇ ಇತ್ತು. ಬೇಸಿನ್ ಮುಂದೆ ರಬ್ಬರ್ ಮ್ಯಾಟ್ ಹಾಕಬೇಕು, ಒರೆಸುವಾಗ ಬೋರ್ಡ್ ಇಡಬೇಕು ಅನ್ನುವುದನ್ನೂ ರಾಜಿ ಪತ್ರದಲ್ಲಿ ಸೇರಿಸಿದೆವು. ಅದು ಅಮ್ಮನ ಬೇಡಿಕೆ.

ಒಂದು ಅಂಕ ಕಮ್ಮಿ ಯಾಕೆ ಅಂದರೆ, ನಿಧಾನ. ಅರ್ಜಿ ಕೊಟ್ಟು ವಕೀಲರು ಸಿಗುವವರೆಗೆ ಕಾದೆವು, ಯಾವ ಹಂತದಲ್ಲಿದೆ ಅಂತ ತಿಳಿಯಲು ನಾವೇ ಫೋನ್ ಮಾಡಬೇಕಿತ್ತು. ಪ್ಯಾನೆಲ್ ವಕೀಲರಿಗೆ ಸಿಗುವ ಗೌರವಧನ ಕಮ್ಮಿ, ಕಡತಗಳ ರಾಶಿ, ಅವರ ಕಷ್ಟವೂ ಕಂಡೆ. ನಮಗೆ ಸಿಕ್ಕವರು ಒಳ್ಳೆಯವರು, ಎಲ್ಲರಿಗೂ ಹಾಗೇ ಸಿಗುತ್ತಾರೆ ಅಂತ ಭರವಸೆ ಕೊಡಲಾರೆ. ಸರಿಯಿಲ್ಲ ಅನ್ನಿಸಿದರೆ ಬದಲಾಯಿಸಿ ಕೊಡಿ ಅಂತ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ಬರೆದು ಕೇಳಬಹುದು. ಗ್ರಾಹಕರ ಆಯೋಗದ ದೂರನ್ನು ಸಾಧ್ಯವಾದಷ್ಟು ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ, ವಾಯಿದೆಗಳು ಬಿದ್ದು ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ತಲೆಗೆ ಪೆಟ್ಟಾದವರನ್ನು ಕೋರ್ಟಿನ ಗಲಾಟೆಯಲ್ಲಿ ಗಂಟೆಗಟ್ಟಲೆ ಕೂರಿಸುವುದು ಕಷ್ಟ. ಜೋರು ಸದ್ದು, ಬೆಳಕು ಅವರಿಗೆ ಆಗಿಬರುವುದಿಲ್ಲ. ಹಾಗಾಗಿ ಅಮ್ಮನ ಹೇಳಿಕೆಯನ್ನು ಅಫಿಡವಿಟ್ ಮೂಲಕ ಕೊಟ್ಟು, ಬೇಕಾದಾಗ ಮಾತ್ರ ಕರೆದುಕೊಂಡು ಹೋದೆವು.

ಉಚಿತ ನೆರವಿಗೆ 15100ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಜಿಲ್ಲೆಗಳಲ್ಲಿ ಕೋರ್ಟ್ ಆವರಣದಲ್ಲಿ ಕೇಳಿ, ತಾಲ್ಲೂಕಿನಲ್ಲೂ ಸಮಿತಿ ಇರುತ್ತದೆ. ಗ್ರಾಹಕರ ಸಹಾಯವಾಣಿ 1915. ವಕೀಲರೇ ಬೇಡ ಅನ್ನುವವರು ಗ್ರಾಹಕರ ಆಯೋಗದಲ್ಲಿ ತಾವೇ ವಾದಿಸಬಹುದು, ಆನ್‌ಲೈನಿನಲ್ಲಿ ದೂರು ಹಾಕಬಹುದು. ಆದರೆ ಮಿದುಳಿನ ಪೆಟ್ಟಿನ ಕೇಸಿನಲ್ಲಿ ಹಾಗೆ ಮಾಡಿ ಅಂತ ನಾನು ಹೇಳುವುದಿಲ್ಲ. ವೈದ್ಯಕೀಯ ಸಾಕ್ಷ್ಯ ಜಟಿಲ ಆದರೆ ಸಿವಿಲ್ ಕೋರ್ಟಿಗೆ ಹೋಗಿ ಅಂತ ಆಯೋಗ ಕಳಿಸಿಬಿಡಬಹುದು, ಹಾಗಾಗದಂತೆ ದೂರನ್ನು ಬರೆಯುವುದರಲ್ಲಿ ಒಬ್ಬ ಅನುಭವಿ ವಕೀಲರ ಕೈ ಬೇಕೇ ಬೇಕು.